ನಾಗಪ್ಪನ ಗಂಡ

ಅಥವಾ ಅದು ಹರವಿಯೇ ಅಲ್ಲವೇನೋ. ಗುಡಾಣ ಇದ್ದಿರಬಹುದು. ಹರವಿ ಎಂದು ಬರೆಯಲು ಹೊರಟರೆ ಕಣ್ಣಿಗೆ ಕಾಣುವುದು ನಮ್ಮ ಬಚ್ಚಲ ಪಕ್ಕದ ನೀರು ತುಂಬುವ ಮಣ್ಣಿನ ಹರವಿ, ಅದರ ಹೊಟ್ಟೆಗೆ ಹಿಡಿದ ಪಾಚಿ. ಆದರೆ ನೀರಿನ ಹರವಿಯಲ್ಲಿ ಹಾವು ಇಡಲು ಆಯಿ ಬಿಡುತ್ತಿದ್ದಳೇ? ಆಯಿ ಎಂದರೆ ಅಪ್ಪನ ತಾಯಿ. ಯಾರಾದರೂ ಎಂಜಲು ಕೈಯಿಂದ ನೀರು ಮೊಗೆದರೆ ಇಡೀ ಹರವಿ ಚೆಲ್ಲಿಸಿ ತಿಕ್ಕಿಸುವವಳು. ಹಾಗಾದರೆ ಕಾಳು ತುಂಬುವ ಗುಡಾಣ. ಆದರೆ ಕಾಳಿನ ಗುಡಾಣದಲ್ಲಿ ಹಾವು? ನೋಡಿ, ಹಾವುಗಳನ್ನು ಇನ್ನೂ ಒಳಗೆ ಬಿಟ್ಟೇ ಇಲ್ಲ, ಪಾತ್ರೆ ಆಗಲೇ ಒಡೆಯುತ್ತಿದೆ. ಹರವಿ ಎಂದೇ ಇಟ್ಟುಕೊಳ್ಳೋಣ. ತಪ್ಪಾಗಿದ್ದರೆ ತಪ್ಪು.

ಇದೆಲ್ಲ ಶುರುವಾದದ್ದು ಉಪ್ಪಿನಕಾಯಿ ಭರಣಿಯಿಂದ. ನನಗೊಂದು ಚಟವಿದೆ. ಬಾಯಿಗೆ ಬಟ್ಟೆ ಕಟ್ಟಿದ ಯಾವ ಪಾತ್ರೆಯನ್ನೂ ನಾನು ಸುಮ್ಮನೆ ಬಿಚ್ಚಲಾರೆ. ಮೊದಲು ಬೆರಳಿನ ಗೆಣ್ಣಿನಿಂದ ಅದರ ಹೊಟ್ಟೆಗೆ ತಟ್ಟುತ್ತೇನೆ. ಕಿವಿ ಹಚ್ಚುತ್ತೇನೆ. ಆಮೇಲೆ ಮುಖ ದೂರ ಹಿಡಿದು ಗಂಟು ಸಡಿಲಿಸುತ್ತೇನೆ. ಮೊನ್ನೆ ಊಟದ ನಡುವೆ ಹೀಗೆ ಭರಣಿಗೆ ಕಿವಿ ಹಚ್ಚಿ ಕೂತದ್ದನ್ನು ನೋಡಿ ನನ್ನ ಹೆಂಡತಿ, "ಏನಂತಾವ್ರಿ ಮಾವಿನಕಾಯಿ? ಉಪ್ಪು ಕಡಿಮಿ ಆಗೇತಂತೇನು?" ಎಂದಳು. ಅವಳಿಗೆ ಹಾವಿನ ಕಥೆ ಗೊತ್ತು. ಬಹಳ ಸಲ ಹೇಳಿದ್ದೇನೆ. "ನೀವು ಹೇಳಿದಾಗೊಮ್ಮೆ ಆ ಹಾವು ಒಂದ ಮೊಳ ಬೆಳೀತೈತಿ" ಎಂಬುದು ಅವಳ ತಕರಾರು. ಅದು ಬರೀ ಚೇಷ್ಟೆ ಎಂದು ಬಿಟ್ಟುಬಿಡುತ್ತಿದ್ದೆ. ಈ ಸಲ ಅನ್ನ ಬಿಟ್ಟು ಎದ್ದುಬಿಟ್ಟೆ. ಅವಳ ಮೇಲೆ ಸಿಟ್ಟಲ್ಲ. ನಿಜಕ್ಕೂ ಅದು ಎಷ್ಟು ಉದ್ದ ಇತ್ತು ಎಂದು ನೆನೆಯಲು ಹೋದೆ, ನೆನಪಾಗಲಿಲ್ಲ. ಆಗಿನಿಂದ ಕೂತಲ್ಲಿ ಕೂರಲು ಆಗುತ್ತಿಲ್ಲ.

ನಮ್ಮೂರು ಚಿಕ್ಕೋಡಿ ತಾಲೂಕಿನ ಕರೋಶಿ. ಎಂಬತ್ತರ ದಶಕದ ನಡುವೆ ಎಲ್ಲೋ ಒಂದು ಶ್ರಾವಣ. ನಾನು ನಿಪ್ಪಾಣಿಯಲ್ಲಿ ಪಿಯುಸಿ ಸೈನ್ಸ್ ಓದುತ್ತಿದ್ದೆ. ತಂಬಾಕು ಕೂಡಿಡುವ ವಖಾರಿಗಳ ಓಣಿಯಲ್ಲಿ ಬಾಡಿಗೆ ಕೋಣೆ. ನನ್ನ ಅಂಗಿಗೆ, ಹಾಸಿಗೆಗೆ, ಪುಸ್ತಕದ ಹಾಳೆಗಳಿಗೂ ತಂಬಾಕಿನ ಘಾಟು ಹತ್ತಿತ್ತು. ನಾಗರ ಪಂಚಮಿಗೆಂದು ಊರಿಗೆ ಬಂದು ಹೊಸ್ತಿಲು ದಾಟಿದ್ದೇ ತಡ, ಆಯಿ ಸೀನಿ ಹೇಳಿದಳು: "ಬಂತ ನೋಡ್ ಜರ್ದಾ ಡಬ್ಬಿ." ನಾನು ಡಬ್ಬಿಯೇನೂ ಆಗಿರಲಿಲ್ಲ. ತುಂಬಿದ ಕೊಡವಾಗಿದ್ದೆ. ಜೀವಶಾಸ್ತ್ರದ ಪುಸ್ತಕದ ಅರ್ಧ ನನ್ನ ತಲೆಯಲ್ಲಿತ್ತು, ಯಾರಾದರೂ ಏನಾದರೂ ಕೇಳಲಿ ಎಂದು ನಾಲಿಗೆ ತುರಿಸುತ್ತಿತ್ತು.

ಮನೆಯಲ್ಲಿ ಯಾರೂ ನನ್ನನ್ನು ಏನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಎಲ್ಲರೂ ಕಮಲತ್ತಿಯನ್ನು ಕೇಳುತ್ತಿದ್ದರು.

ಕಮಲತ್ತಿ ಅಪ್ಪನ ತಂಗಿ. ಕಾಗವಾಡಕ್ಕೆ ಕೊಟ್ಟಿದ್ದರು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವುದು ನಮ್ಮಲ್ಲಿ ಇದ್ದದ್ದೇ. ಆದರೆ ಕಮಲತ್ತಿ ಎರಡು ತಿಂಗಳ ಹಿಂದೆ, ಕಾರಹುಣ್ಣಿಮೆಗೂ ಮೊದಲೇ ಬಂದವಳು ಹಿಂತಿರುಗಿ ಹೋಗಿರಲಿಲ್ಲ. ಹಬ್ಬ ಮುಗಿಸಿ ಕರೆದುಕೊಂಡು ಹೋಗುತ್ತೇವೆ ಎಂದು ಕಾಗವಾಡದವರು ಹೇಳಿ ಕಳಿಸಿದ್ದರು. ಹೋಗುವುದಿಲ್ಲ ಎಂದು ಇವಳು.

"ಬಡಿತಾನೇನು?" ಆಯಿ ಕೇಳುತ್ತಿದ್ದಳು.

"ಇಲ್ಲ."

"ಕುಡಿತಾನೇನು?"

"ಇಲ್ಲ ಬೇ."

"ಹೊಟ್ಟಿಗಿ ಹಾಕೂದಿಲ್ಲೇನು?"

"ಹಾಕ್ತಾರ."

"ಮತ್ತೇನ ಬ್ಯಾನಿ ನಿಂದು?"

"ನನಗ ಅಲ್ಲಿ ಇರಾಕ ಆಗೂದಿಲ್ಲ."

ಇಷ್ಟೇ. ದಿನಾ ಇದೇ ಪ್ರಶ್ನೆ, ಇದೇ ಉತ್ತರ; ಅದೇ ಗಾಣಕ್ಕೆ ಅದೇ ಎತ್ತು. ಗಾಣ ಎಂದೆನಲ್ಲ, ಇಲ್ಲಿ ಇನ್ನೊಂದು ತೊಂದರೆ ಇದೆ. ಆ ಹಬ್ಬದ ದಿನಗಳನ್ನು ನೆನೆದರೆ ನನ್ನ ಮೂಗಿಗೆ ಕುದಿಯುವ ಬೆಲ್ಲದ ವಾಸನೆ ಬರುತ್ತದೆ. ಶ್ರಾವಣದಲ್ಲಿ ಗಾಣ ಎಲ್ಲಿಂದ ಬಂತು? ಕಬ್ಬು ಕಡಿಯುವುದು ಚಳಿಯಲ್ಲಿ. ಅಂದರೆ ಯಾವುದೋ ಬೇರೆ ತಿಂಗಳ ವಾಸನೆಯನ್ನು ನನ್ನ ತಲೆ ತಂದು ಇಲ್ಲಿ ಹೊಲಿದಿದೆ. ಯಾಕೆ ಎಂದೂ ಊಹಿಸಬಲ್ಲೆ. ಕಬ್ಬಿನ ಗದ್ದೆಯನ್ನು ಅಂಚಿನಿಂದ ನಡುವಿಗೆ ಕಡಿಯುತ್ತ ಬಂದರೆ ಕೊನೆಗೆ ಒಂದು ಸಣ್ಣ ಮೆಳೆ ಉಳಿಯುತ್ತದೆ. ಗದ್ದೆಯಲ್ಲಿದ್ದ ಜೀವಗಳೆಲ್ಲ ಹಿಂದೆ ಸರಿಯುತ್ತ ಅಲ್ಲಿಗೇ ಬಂದು ಸೇರಿರುತ್ತವೆ. ಆ ಮೆಳೆಗೆ ಕುಡಗೋಲು ಹಾಕುವ ಮೊದಲು ಆಳುಗಳೆಲ್ಲ ನಿಂತು ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಗದ್ದಲ ಮಾಡುತ್ತಿದ್ದರು. ಆಮೇಲೆ ಅಲ್ಲಿಂದ ನಾಗರ, ಕೇರೆ, ಮಂಡಲ, ಒಂದಷ್ಟು ಇಲಿ, ಮುಂಗುಸಿ, ಎಲ್ಲ ದಿಕ್ಕಿಗೊಂದು ಹೊರಡುವುದನ್ನು ಸಣ್ಣವನಿದ್ದಾಗ ಬದುವಿನ ಮೇಲೆ ನಿಂತು ನೋಡಿದ್ದೇನೆ. ಒಂದನ್ನೊಂದು ತಿನ್ನಬೇಕಾದವು ಅಷ್ಟು ಹೊತ್ತು ಅಷ್ಟೇ ಜಾಗದಲ್ಲಿ ಮೈಗೆ ಮೈ ಹಚ್ಚಿ ಕೂತಿದ್ದವು. ಇದರಿಂದ ನಾನು ತೆಗೆದ ತಾತ್ಪರ್ಯ: ಹಾವುಗಳು ಕೂಡಿ ಬಾಳುತ್ತವೆ. ಸುತ್ತಲೂ ಕುಡಗೋಲುಗಳಿದ್ದವು ಎಂಬುದನ್ನು ತಾತ್ಪರ್ಯದಲ್ಲಿ ಸೇರಿಸಿಕೊಳ್ಳಲಿಲ್ಲ.

ಇರಲಿ, ಚೌತಿಯ ದಿನಕ್ಕೆ ಬರುತ್ತೇನೆ. ಪಂಚಮಿಯ ಹಿಂದಿನ ದಿನ. ಜಿಟಿಜಿಟಿ ಮಳೆ, ದನದ ಕೊಟ್ಟಿಗೆ ಸೋರುತ್ತಿತ್ತು. ಅಪ್ಪ ಜೋಳದ ಕಣಿಕೆಯ ಸಿವುಡುಗಳನ್ನು, ಅಂದರೆ ಮೇವಿನ ಕಟ್ಟುಗಳನ್ನು, ಒಣ ಮೂಲೆಗೆ ಸರಿಸಲು ಹೋದವನು ಕೂಗಿಕೊಂಡ. ಸಿವುಡಿನ ಕೆಳಗೆ ಎರಡು ಹಾವು. ಒಂದು ಹೆಡೆ ಎತ್ತಿತು. ನಾಗರ ಎನ್ನಲು ಪುಸ್ತಕ ಬೇಕಿರಲಿಲ್ಲ. ಇನ್ನೊಂದು ಅದಕ್ಕಿಂತ ತೆಳ್ಳಗೆ, ಹಳದಿ ಮಿಶ್ರಿತ ಕಂದು. ಕೇರೆ. ಬೇರೆ ದಿನವಾಗಿದ್ದರೆ ಬಡಿಗೆ ಬರುತ್ತಿತ್ತು. ಚೌತಿಯ ದಿನ ನಮ್ಮ ಓಣಿಯಲ್ಲಿ ಹಾವಿನ ಮೇಲೆ ಬಡಿಗೆ ಎತ್ತುವ ಗಂಡಸು ಹುಟ್ಟಿರಲಿಲ್ಲ. ದಸ್ತಗೀರ ಕಾಕಾನನ್ನು ಕರೆಸಿದರು.

ದಸ್ತಗೀರ ಕಾಕಾನದು ಸೈಕಲ್ ರಿಪೇರಿ ಅಂಗಡಿ. ಹಾವು ಹಿಡಿಯುವುದು ಅವನ ಹೊಟ್ಟೆಪಾಡಲ್ಲ, ಚಟ. ಪಂಕ್ಚರ್ ಹಾಕುತ್ತ ಕೂತವನು ಹಾವು ಎಂದರೆ ಗಿರಾಕಿಯ ಗಾಲಿ ಬಿಚ್ಚಿದ್ದನ್ನು ಬಿಚ್ಚಿದ ಹಾಗೇ ಬಿಟ್ಟು ಓಡುವನು. ಆ ದಿನವೂ ಓಡಿ ಬಂದ. ಎರಡನ್ನೂ ಬಾಲ ಹಿಡಿದು, ಕಟ್ಟಿಗೆಯ ತುದಿಯಿಂದ ತಲೆ ಆಡಿಸುತ್ತ, ಮದುವೆಯ ಮನೆಯಲ್ಲಿ ಹಾರ ಹಿಡಿದಂತೆ ಹಿಡಿದುಕೊಂಡು ಅಂಗಳಕ್ಕೆ ತಂದ.

"ಜೋಡಿ ಐತ್ರಿ ಆಯಿ!" ಅಂದ. "ನಿಮ್ಮ ಪುಣ್ಯಾ. ಗಂಡ ಹೆಂಡ್ತಿ ಕೂಡಿ ಬಂದಾರ."

ಆಯಿ ಸೆರಗು ಮುಂದೆ ಮಾಡಿ ಕೈ ಮುಗಿದಳು.

ಇಲ್ಲಿ ತಿಳಿಯದವರಿಗೆ ಒಂದು ಮಾತು. ನಮ್ಮ ಕಡೆ, ಕೃಷ್ಣೆಯ ಆಚೆ ಈಚೆ ಎರಡೂ ಕಡೆ, ಕೇರೆಹಾವು ಎಂದರೆ ನಾಗರಹಾವಿನ ಗಂಡು ಎಂಬ ನಂಬಿಕೆ ಇತ್ತು. ಕೇರೆ ಗಂಡ, ನಾಗರ ಹೆಂಡತಿ. ಮರಾಠಿ ಮಾತಾಡುವವರು ಅದನ್ನು ಧಾಮಣ ಎಂದು ಕರೆದು ಇದನ್ನೇ ಹೇಳುತ್ತಿದ್ದರು. ಎರಡು ಭಾಷೆಯವರು ಜಗಳವಿಲ್ಲದೆ ಒಪ್ಪಿಕೊಂಡಿದ್ದ ಕೆಲವೇ ಸಂಗತಿಗಳಲ್ಲಿ ಇದೂ ಒಂದು.

ನನ್ನ ಕೊಡ ತುಳುಕಿತು. "ಕಾಕಾ, ಹಂಗ ಇರೂದಿಲ್ಲ. ಅವು ಎರಡೂ ಬ್ಯಾರೆ ಬ್ಯಾರೆ ಜಾತಿ. ನಾಗರಹಾವಿನ್ಯಾಗ ಗಂಡೂ ಇರ್ತೈತಿ, ಹೆಣ್ಣೂ ಇರ್ತೈತಿ. ಕೇರ್ಯಾಗೂ ಹಂಗ."

ದಸ್ತಗೀರ ಕಾಕಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಿಪ್ಪಾಣ್ಯಾಗ ಇದ ಕಲಿಸಾಕತ್ತಾರೇನ್ ಲೇ? ನಿಮ್ಮಪ್ಪ ಸುಮ್ನ ಬಸ್ ಚಾರ್ಜ್ ದಂಡ ಮಾಡಾಕತ್ತಾನ."

ಎಲ್ಲರೂ ನಕ್ಕರು. ಹೆಚ್ಚು ನಕ್ಕವನು ಅಪ್ಪ, ಅವನೇ ಬಸ್ ಚಾರ್ಜ್ ಕೊಡುತ್ತಿದ್ದವನು. ಕಮಲತ್ತಿ ಮಾತ್ರ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದವಳು ಕೇಳಿದಳು:

"ನಾಗಪ್ಪ ಹೆಂಡ್ತಿ ಆದ್ರ ಹಾಲ ಯಾರಿಗಿ ಎರೀತೀರಿ? ನಾಳೆ ನಾಗವ್ವಾ ಅಂತ ಎರೀರಿ ಮತ್ತ."

"ಬಾಯಿ ಮುಚ್ಚ" ಎಂದಳು ಆಯಿ. "ಹಾವಾಗಿ ಹುಟ್ಟಿದ್ದೂ ಜೋಡಿ ಕೂಡಿ ಬಾಳ್ವೆ ಮಾಡತೈತಿ. ಮನಷ್ಯಾಳಾಗಿ ಹುಟ್ಟಿ ನಿನಗ ಆಗೂದಿಲ್ಲ."

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಹಬ್ಬದಲ್ಲಿ ಮನೆಗೆ ಬಂದ ನಾಗಪ್ಪನನ್ನು ಹಾಲು ಎರೆಯುವ ಮೊದಲು ಹೊರಗೆ ಕಳಿಸುವುದಿಲ್ಲ. ಮರುದಿನ ಮುಂಜಾನೆ ಹಾಲು ಎರೆದ ಮೇಲೆ ಹೊಲದ ಬದುವಿಗೆ ಬಿಡಬೇಕು. ಅಲ್ಲಿಯವರೆಗೆ ಇಡಲು ಹರವಿ ಬಂತು. ದಸ್ತಗೀರ ಕಾಕಾ ಎರಡನ್ನೂ ಒಂದರಲ್ಲೇ ಇಳಿಸಲು ಹೊರಟಾಗ ಕಮಲತ್ತಿ ಶೇಂಗಾ ಬಿಟ್ಟು ಎದ್ದುಬಂದಳು.

"ಕಾಕಾ, ಎರಡ ಹರವ್ಯಾಗ ಇಡ್ರಿ. ಕೂಡಿಸಿ ಇಟ್ರ ಒಂದನ್ನ ಒಂದು ತಿಂತೈತಿ."

"ತೋಬಾ ತೋಬಾ! ಜೋಡಿ ಅಗಲಿಸಬಾರದವಾ, ಅದೂ ಪಂಚಮ್ಯಾಗ. ಕೊಟಗ್ಯಾಗ ಕೂಡೇ ಇದ್ವಲ್ಲ?"

"ಕೊಟಗಿಗಿ ಬಾಗಲಾ ಇಲ್ರಿ. ಬ್ಯಾಡಾದ್ರ ಎದ್ದ ಹೋಗಾಕ ಬರತೈತಿ. ಇದರ ಬಾಯಿ ನೀವು ಕಟ್ಟಾಕತ್ತೀರಿ."

ಆಗ ಅಪ್ಪ, ಎಂದೂ ಕೇಳದವನು, ನನ್ನ ಕಡೆ ತಿರುಗಿ ಕೇಳಿದ: "ನಿನ್ನ ಪುಸ್ತಕ ಏನ್ ಹೇಳತೈತೋ?"

ಆ ಗಳಿಗೆಗೆ ಕಾಯುತ್ತಿದ್ದೆ. ಗಂಟಲು ಸರಿಮಾಡಿಕೊಂಡು ಹೇಳಿದೆ. ಕೇರೆಯ ಆಹಾರ ಇಲಿ, ಕಪ್ಪೆ. ನಾಗರದ್ದೂ ಇಲಿ, ಕಪ್ಪೆ. ಜಾತಿ ಬೇರೆಯಾದ್ದರಿಂದ ಹೆಣ್ಣಿಗಾಗಿ ಜಗಳವಿಲ್ಲ, ಹರವಿಯಲ್ಲಿ ಇಲಿ ಇಲ್ಲದ್ದರಿಂದ ಅನ್ನಕ್ಕಾಗಿಯೂ ಜಗಳವಿಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲ, ಸುಮ್ಮನೆ ಇರುತ್ತವೆ. ಹೀಗೆ, ಗಂಡ-ಹೆಂಡತಿ ಆದ್ದರಿಂದ ಕೂಡಿ ಇರುತ್ತವೆ ಎಂದ ಆಯಿಯೂ, ಗಂಡ-ಹೆಂಡತಿ ಅಲ್ಲವಾದ್ದರಿಂದ ಕೂಡಿ ಇರುತ್ತವೆ ಎಂದ ನಾನೂ ಒಂದೇ ಹರವಿಗೆ ಬಂದು ಸೇರಿದೆವು. ಹಳ್ಳಿಯ ನಂಬಿಕೆ, ಸರ್ಕಾರದ ಪಠ್ಯಪುಸ್ತಕ ಎರಡೂ ಒಂದು ಕಡೆ. ಕಮಲತ್ತಿ ಒಬ್ಬಳೇ ಇನ್ನೊಂದು ಕಡೆ.

"ನೋಡಿದೇನ" ಎಂದಳು ಆಯಿ. "ಸಾಲಿ ಕಲತಾವನೂ ಅದನ್ನ ಹೇಳಾಕತ್ತಾನ. ನಾಳಿ ಮುಂಜಾನೆ ಎರಡೂ ನೆಟ್ಟಗ ಇದ್ರ ಏನ್ ಮಾಡ್ತೀ?"

"ಇದ್ರ ನಾ ಬಾಯಿ ಬಿಡದ ಕಾಗವಾಡಕ್ಕ ಹೊಕ್ಕೀನಿ."

"ಆಣಿ ಮಾಡ."

"ನಾಗಪ್ಪನ ಮ್ಯಾಲ ಆಣಿ. ಇಲ್ಲಾಂದ್ರ ಮತ್ತ ನೀ ನನಗ ಹೋಗ ಅನ್ನಬಾರದು. ನೀನೂ ಆಣಿ ಮಾಡ."

ಆಯಿ ಆಣೆ ಮಾಡಿದಳು. ಆಣೆ ಮಾಡುವಾಗ ಅವಳು ನಗುತ್ತಿದ್ದಳೆಂದು ನನ್ನ ನೆನಪು. ಗೆದ್ದೇ ಗೆಲ್ಲುತ್ತೇನೆ ಎನ್ನುವವರ ನಗು. ಅಥವಾ ಮಗಳು ಕಡೆಗೂ ಒಂದು ದಾರಿಗೆ ಬಂದಳಲ್ಲ ಎಂಬ ನಿರಾಳವೋ. ದಸ್ತಗೀರ ಕಾಕಾ ಬಟ್ಟೆ ಹಾಸಿ, ಕಿಸೆಯಲ್ಲಿ ಸದಾ ಇರುತ್ತಿದ್ದ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದ ಹರವಿಯ ಬಾಯಿ ಬಿಗಿದು ಗಂಟು ಹಾಕಿದ. ಹೋಗುವಾಗ ನನ್ನ ಕಿವಿ ಹಿಂಡಿ, "ತಟ್ಟಿ ನೋಡಬ್ಯಾಡಲೇ ಮತ್ತ" ಎಂದ. ಅಷ್ಟರಲ್ಲಾಗಲೇ ತಟ್ಟಿ ನೋಡಿದ್ದೆ. ಒಳಗಿನಿಂದ ಸೈಕಲ್ ಗಾಲಿಯ ಗಾಳಿ ಬಿಟ್ಟಂಥ ಸಪ್ಪಳ ಬಂದಿತ್ತು.

ಬರೆಯುವುದನ್ನು ಇಲ್ಲಿ ನಿಲ್ಲಿಸಿ ಎದ್ದು ಒಂದು ಸುತ್ತು ಹೊರಗೆ ಹೋಗಿಬಂದೆ. ಮುಂದಿನದು ಎಲ್ಲರಿಗೂ ಹೇಳಿ ಹೇಳಿ ನುಣುಪಾದ ಭಾಗ. ನುಣುಪಾದದ್ದನ್ನು ಕಂಡರೆ ನನಗೆ ಭಯ. ಹೇಳಿಬಿಡುತ್ತೇನೆ.

ಪಂಚಮಿಯ ಮುಂಜಾನೆ. ಕಾಗವಾಡದ ಮಾಮಾ, ಅಂದರೆ ಕಮಲತ್ತಿಯ ಗಂಡ, ಮೊದಲ ಬಸ್ಸಿಗೇ ಬಂದಿಳಿದಿದ್ದ. ಕಾಲಲ್ಲಿ ಅಥಣಿಯ ಹೊಸ ಚಪ್ಪಲಿ, ಹೆಜ್ಜೆಗೊಮ್ಮೆ ಕರ್ ಎನ್ನುತ್ತಿತ್ತು. ಮಾತು ಕಡಿಮೆ, ಅವನ ಬದಲಿಗೆ ಚಪ್ಪಲಿಯೇ ಮಾತಾಡುತ್ತಿತ್ತು. ಕೆಟ್ಟವನೆಂದು ಹೇಳಲು ನನ್ನ ಬಳಿ ಏನೂ ಇಲ್ಲ. ನನಗಾಗಿ ಪೇಪರಿನಲ್ಲಿ ಸುತ್ತಿ ಬಾಳೆಹಣ್ಣು ತಂದಿದ್ದ.

ದೇವರ ಮುಂದೆ ಮಣ್ಣಿನ ನಾಗಪ್ಪ, ಬದಿಗೆ ಹರವಿ. ಎಲ್ಲರೂ ಒಬ್ಬೊಬ್ಬರಾಗಿ ಹಾಲು ಎರೆದೆವು. ನಮ್ಮಲ್ಲಿ ಹಾಲು ಎರೆಯುವಾಗ ಪಾಲು ಹೇಳುತ್ತಾರೆ: ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಹೀಗೆ ತಮ್ಮವರೆಂದು ಯಾರಿದ್ದಾರೋ ಅವರೆಲ್ಲರದು. ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, "ಮನಿಯವರ ಪಾಲು" ಎನ್ನುತ್ತಾರೆ. ಕಮಲತ್ತಿ ಬಟ್ಟಲು ಹಿಡಿದಾಗ ಅಡುಗೆಮನೆಯ ಸಪ್ಪಳವೂ ನಿಂತಿತು.

"ದೇವರ ಪಾಲು. ಅಪ್ಪನ ಪಾಲು. ಅವ್ವನ ಪಾಲು. ಅಣ್ಣನ ಪಾಲು" ಎಂದಳು. ನಿಂತಳು. ಬಟ್ಟಲಲ್ಲಿ ಹಾಲು ಇನ್ನೂ ಇತ್ತು. ಮಾಮಾ ಕಂಬಕ್ಕೆ ಆತು ನಿಂತಿದ್ದ, ಚಪ್ಪಲಿ ಬಿಟ್ಟು ಬಂದಿದ್ದರಿಂದ ಅವನ ಕಡೆಯಿಂದ ಯಾವ ಸಪ್ಪಳವೂ ಇಲ್ಲ.

"ಹರವ್ಯಾಗ ಇದ್ದವರ ಪಾಲು" ಎಂದು ಉಳಿದದ್ದನ್ನೆಲ್ಲ ಒಮ್ಮೆಲೇ ಸುರಿದಳು.

ದಸ್ತಗೀರ ಕಾಕಾ ಗಂಟು ಬಿಚ್ಚಿದ. ಬಟ್ಟೆ ತೆಗೆದು, ಕಟ್ಟಿಗೆಯಿಂದ ಒಳಗೆ ಆಡಿಸಿದ. ನಾಗರ ಬುಸ್ ಎಂದಿತು. ಮತ್ತೆ ಆಡಿಸಿದ. ಹರವಿಯನ್ನು ಅಂಗಳಕ್ಕೆ ಒಯ್ದು ಮೆಲ್ಲಗೆ ವಾಲಿಸಿದ. ನಾಗರ ಹೊರಬಂತು. ನಡು ದಪ್ಪಗಾಗಿತ್ತು, ಹರಿಯಲು ಬೇಜಾರು ಎಂಬಂತೆ ಹರಿಯಿತು. ಕೇರೆ ಬರಲಿಲ್ಲ. ಹರವಿಯನ್ನು ಬೋರಲು ಹಾಕಿದ. ಏನೂ ಬೀಳಲಿಲ್ಲ.

ದಸ್ತಗೀರ ಕಾಕಾ ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಗಂಡನ್ನ ನುಂಗ್ಯಾಳ್ರಿ ಆಯಿ."

ಎಲ್ಲರ ಕಣ್ಣು ಮೊದಲು ನಾಗರದ ಹೊಟ್ಟೆಗೆ, ಆಮೇಲೆ ಕಮಲತ್ತಿಗೆ, ಆಮೇಲೆ ಮಾಮಾಗೆ. ಮಾಮಾ ಚಪ್ಪಲಿ ಮೆಟ್ಟಿಕೊಂಡು, "ಹೊಲದಾಗ ಕೆಲಸ ಐತಿ. ಮುಂದಿನ ವಾರ ಬರ್ತೀನ್ರಿ" ಎಂದ. ಚಪ್ಪಲಿ ಕರ್ ಕರ್ ಎನ್ನುತ್ತ ಬಸ್ ನಿಲ್ದಾಣದ ಕಡೆ ಹೋಯಿತು. ಆಯಿ ಹೇಳಿದಳು: "ಇರವಾ, ಇರ ಹಂಗಾರ."

ಕೇಳಿದವರೆಲ್ಲ ಇಲ್ಲಿ ನಗುತ್ತಾರೆ. ನಾನೂ ಹೇಳುವಾಗ ಇಲ್ಲಿ ಸ್ವಲ್ಪ ನಿಂತು ನಗುವಿಗೆ ಜಾಗ ಬಿಡುತ್ತೇನೆ. ಅದಕ್ಕೇ ಇದರ ಮೇಲೆ ಅನುಮಾನ.

ತೊಂಬತ್ತರ ದಶಕದ ಹೊತ್ತಿಗೆ ಈ ಅನುಮಾನ ಜೋರಾಗಿ, ಊರಿಗೆ ಹೋದಾಗಲೆಲ್ಲ ಒಬ್ಬೊಬ್ಬರನ್ನು ಕೇಳತೊಡಗಿದೆ. ಅಪ್ಪ ಹೇಳಿದ: "ಅವತ್ತ ಕಮಲವ್ವನ ಗಂಡ ಎಲ್ಲಿ ಬಂದಿದ್ನೋ? ಅವರಣ್ಣ ಬಂದಿದ್ದ. ಅವ ಬಂದಿದ್ದು ಆಮ್ಯಾಲ, ಏಸೋ ಸಲ. ಇಕಿನ ಹೋಗಲಿಲ್ಲ." ಹಾಗಾದರೆ ನನ್ನ ಬಾಳೆಹಣ್ಣು? ಆ ಚಪ್ಪಲಿ? ಚಪ್ಪಲಿ ಅಣ್ಣನದೂ ಆಗಿರಬಹುದು. ಅಣ್ಣತಮ್ಮಂದಿರು ಒಂದೇ ಅಂಗಡಿಯಲ್ಲಿ ಕೊಳ್ಳುತ್ತಾರೆ.

ದಸ್ತಗೀರ ಕಾಕಾ ಏಕಸಂಬಿಯ ಮಗಳ ಮನೆಯಲ್ಲಿದ್ದ, ಕಣ್ಣು ಮಂಜಾಗಿತ್ತು. ಹಾವಿನ ಮಾತು ತೆಗೆದದ್ದೇ ಎದ್ದು ಕೂತ. "ನುಂಗಿಲ್ಲ ಬಿಡೋ" ಎಂದ. ನುಂಗಿದ್ದಾಳೆ ಎಂದು ಘೋಷಿಸಿದವನೇ ಅವನು. "ಅವತ್ತ ಹಂಗ ಅನಿಸ್ತು, ಅಂದ್ನಿ. ಆಮ್ಯಾಲ ವಿಚಾರ ಮಾಡಿದ್ನಿ. ಹೆದರಿದ ಹಾವು ತಿನ್ನೂದಿಲ್ಲ, ತಿಂದದ್ದನ್ನೂ ಹೊರಗ ಹಾಕತೈತಿ. ಹೊಟ್ಟಿ ದಪ್ಪ ಇದ್ದದ್ದು ಮದಲ ಇಲಿ ತಿಂದಿರಬೇಕು." ಕೊನೆಗೆ, "ಗಂಟು ನಂದಿರಲಿಲ್ಲ" ಎಂದ. ಅವನು ಪಂಕ್ಚರ್ ಟ್ಯೂಬು ಬಿಗಿಯುವಂತೆ ತುದಿಯನ್ನು ಒಳಗೆ ಸಿಕ್ಕಿಸುವವನು. ಮುಂಜಾನೆ ಅದು ಸೀರೆಯ ಗಂಟು ಹಾಕಿದಂತೆ ಇತ್ತಂತೆ. "ಆಗ ಯಾಕ ಹೇಳಲಿಲ್ಲ ಕಾಕಾ?" ಎಂದರೆ, "ಹಬ್ಬದಾಗ ಯಾಕ ಸುಮ್ನ" ಎಂದು ನಕ್ಕ. ಕಣ್ಣು ಮಂಜಾದವನು ಹಳೆಯ ಗಂಟನ್ನು ಅಷ್ಟು ಸ್ಪಷ್ಟವಾಗಿ ಕಾಣುತ್ತಿದ್ದನಲ್ಲ, ಅದರಲ್ಲೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ.

ಅಷ್ಟರಲ್ಲಿ ನಾನೂ ಪಿಯುಸಿ ಪುಸ್ತಕ ದಾಟಿ ಒಂದಷ್ಟು ಓದಿಕೊಂಡಿದ್ದೆ. ನಾಗರಹಾವು ಬೇರೆ ಹಾವುಗಳನ್ನು ತಿನ್ನುವುದುಂಟು, ಕೇರೆಯನ್ನೂ. ಬೇರೆ ಬೇರೆ ಜಾತಿಯವನ್ನು ಒಂದು ಗೂಡಿನಲ್ಲಿ ಕೂಡಿಹಾಕಬಾರದು. ತಿನ್ನದಿದ್ದರೂ ಹೆದರಿಕೆಯಲ್ಲೇ ಸೊರಗಬಹುದು. ಬಯಲಿನಲ್ಲಿ ಒಂದೇ ಬಿಲದಲ್ಲಿ ಕಂಡರೆ, ಅದು ಸಂಸಾರವಲ್ಲ. ಮಳೆಗೋ ಬಿಸಿಲಿಗೋ ಒಳಗೆ ಬಂದವು, ಬೇಡವಾದಾಗ ಎದ್ದು ಹೋಗುತ್ತವೆ. ಇದನ್ನು ಓದಿದಾಗ ಬಾಗಿಲಿಲ್ಲದ ಕೊಟ್ಟಿಗೆಯ ಮಾತು ನೆನಪಾಗಿ ಪುಸ್ತಕ ಮುಚ್ಚಿಟ್ಟೆ. ಕಮಲತ್ತಿ ಇದನ್ನು ಎಲ್ಲಿ ಕಂಡಿದ್ದಳು? ಹಾವಿನಲ್ಲೋ?

ಹಾಗಾದರೆ ಎರಡೂ ಆಗಿರಬಹುದು. ನಾಗರ ನುಂಗಿರಬಹುದು. ಅಥವಾ ಯಾರೋ ಗಂಟು ಬಿಚ್ಚಿ ಕೇರೆಯನ್ನು ಹೊರಗೆ ಬಿಟ್ಟು ಮತ್ತೆ ಕಟ್ಟಿರಬಹುದು. ಎರಡನೆಯದಾದರೆ, ಹಾಗೆ ಮಾಡಿದವರು ಜೀವಂತ ನಾಗರ ಇದ್ದ ಹರವಿಯ ಬಾಯಿ ತೆರೆದು, ಅದು ಹೊರಬರದಂತೆ ಕೇರೆಯೊಂದನ್ನೇ ಹೊರಗೆ ಬಿಟ್ಟಿರಬೇಕು. ಶೇಂಗಾ ಸುಲಿಯುವ ಕೈ ಅಷ್ಟು ಮಾಡಬೇಕಾದರೆ ಕಾಗವಾಡದ ದಾರಿ ಅದಕ್ಕೆ ಎಷ್ಟು ಬೇಡವಾಗಿರಬೇಕು ಎಂದು ಯೋಚಿಸಿದಾಗೆಲ್ಲ ನನ್ನ ಬೆರಳು ತಾನಾಗಿ ಏನನ್ನಾದರೂ ತಟ್ಟಲು ಹುಡುಕುತ್ತದೆ.

ಕಮಲತ್ತಿ ಆಗ ರಾಯಬಾಗದಲ್ಲಿದ್ದಳು. ಅಂಗನವಾಡಿ ಕೆಲಸ, ಒಂದು ಬಾಡಿಗೆ ಮನೆ, ಬಾಗಿಲಲ್ಲಿ ದಾಸವಾಳ. ಒಂದು ಮಧ್ಯಾಹ್ನ ಹೋಗಿ ಕೂತೆ. ಮಕ್ಕಳ ಸೋರುವ ಮೂಗು ಒರೆಸಿ, ಅವರನ್ನು ಕಳಿಸಿ ಬಂದು ಚಹಾ ಇಟ್ಟಳು. ನಾನು ನೇರ ಕೇಳಿದೆ.

"ಅತ್ತಿ, ಆ ಹರವಿ ಗಂಟು ನೀ ಬಿಚ್ಚಿದ್ದೇನ?"

"ಯಾವ ಹರವಿಯೋ?"

"ಪಂಚಮ್ಯಾಗ ಹಾವ ಇಟ್ಟಿದ್ದ ಹರವಿ."

"ಏ ಹುಚ್ಚ, ಅದ ಹರವಿ ಎಲ್ಲಿತ್ತೋ, ಗುಡಾಣ ಅದು. ಅಂಚ ಒಡದಿತ್ತು" ಎಂದಳು. "ಚಾ ಆರಾಕತ್ತೈತಿ, ಕುಡಿ."

ಕುಡಿದೆ. ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಬಾಗಿಲವರೆಗೆ ಬಂದು ಕೈಗೆ ಉಂಡಿಯ ಡಬ್ಬಿ ಕೊಟ್ಟಳು. ಅದರ ಬಾಯಿಗೆ ಬಟ್ಟೆ ಕಟ್ಟಿತ್ತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಚಿಕ್ಕೋಡಿ ಬರುವವರೆಗೂ ಗಂಟನ್ನು ನೋಡುತ್ತಿದ್ದೆ. ಸೀರೆಯ ಗಂಟಿನಂತಿದೆಯೇ? ಸೀರೆಯ ಗಂಟು ಹೇಗಿರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ.

ಹರವಿಯ ಬಗ್ಗೆ ಇಷ್ಟು ಜನರನ್ನು ಇಷ್ಟು ವರ್ಷ ಕೇಳಿದೆ. ಕೇರೆ ಹೇಗೆ ಹೋಯಿತು ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ. ಕಾಗವಾಡದ ಆ ಮನೆಯಲ್ಲಿ ಅವಳಿಗೆ ಇರಲಾಗದ್ದು ಏನಿತ್ತು ಎಂಬುದೂ ಗೊತ್ತಿಲ್ಲ. ಅದನ್ನು ಯಾರೂ ಕೇಳಲಿಲ್ಲ. ಬಡಿತಾನೇನು, ಕುಡಿತಾನೇನು ಎಂದಷ್ಟೇ ಕೇಳಿದೆವು.